ಕಲ್ಲಿನೊಳಗಿನ ಶೋಧಕ



ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನ ಪುರ್ತಗೇರಿಗೂ ಸಮುದ್ರಕ್ಕೂ ಇನ್ನೂರು ಕಿಲೋಮೀಟರಿಗಿಂತ ಹೆಚ್ಚು ದೂರ. ಅಂಥ ಊರಿನ ಹುಡುಗನಿಗೆ ಉಪ್ಪುನೀರಿನ ಮೀನುತೊಟ್ಟಿಯ ಪಾಠವೇಕೆ ಎಂದು ನೀವು ಕೇಳಬಹುದು. ಆ ಪಾಠದ ಮೊದಲ ಅಧ್ಯಾಯ ಅವನ ಹೊಲದಲ್ಲಿಯೇ ಇದೆ. ರೈತರು ಹಸಿ ಸಗಣಿಯನ್ನು ಬೆಳೆಯ ಬುಡಕ್ಕೆ ಸುರಿಯುವುದಿಲ್ಲ. ತಿಪ್ಪೆಯಲ್ಲಿ ಕಳಿಯಲು ಬಿಟ್ಟು, ಗೊಬ್ಬರವಾದ ಮೇಲೆ ಹೊಲಕ್ಕೆ ಹೇರುತ್ತಾರೆ. ಸಗಣಿಯಲ್ಲಿರುವ ಸಾರಜನಕ ಮೊದಲು ಅಮೋನಿಯವಾಗುತ್ತದೆ. ಅನಂತರ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಜೋಳದ ಬೇರು ಹೀರುವುದು ಬಹುಮಟ್ಟಿಗೆ ಈ ನೈಟ್ರೇಟನ್ನು.

ಈಗ ಮೀನುತೊಟ್ಟಿಗೆ ಬರೋಣ. ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯವನ್ನು ಹೊರಹಾಕುತ್ತದೆ. ಕಡಲಿನಲ್ಲಿ ಅದು ಅಪಾರ ನೀರಿನಲ್ಲಿ ಕರಗಿಹೋಗುತ್ತದೆ, ತೊಟ್ಟಿಯಲ್ಲಿ ಶೇಖರವಾಗುತ್ತದೆ. ನೀರು ಸ್ಫಟಿಕದಂತೆ ತಿಳಿಯಾಗಿ ಕಂಡರೂ ವಿಷವಾಗಿರಬಹುದು. ಉಪ್ಪುನೀರಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಸಮುದ್ರದ ನೀರು ಕ್ಷಾರೀಯ, ಅದರ ಪಿ.ಎಚ್. ಸುಮಾರು 8.1ರಿಂದ 8.3. ನೀರು ಕ್ಷಾರೀಯವಾದಷ್ಟೂ ಅಮೋನಿಯದ ವಿಷಕಾರಿ ರೂಪದ ಪಾಲು ಏರುತ್ತದೆ.

ಈ ವಿಷವನ್ನು ಕಳೆಯುವವರು ಯಾರು? ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಇಂಥ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ, ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆಂದು ತೋರಿಸಿದರು. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡಕ್ಕೆ ಹೋಲಿಸಿದರೆ ನೈಟ್ರೇಟ್ ಮೀನಿಗೆ ಬಹಳ ಸೌಮ್ಯ. 2005ರಲ್ಲಿ ಒಂದು ಸ್ವಾರಸ್ಯಕರ ಸಂಗತಿ ಬೆಳಕಿಗೆ ಬಂತು. ಬ್ಯಾಕ್ಟೀರಿಯಾ ಗುಂಪಿಗೆ ಸೇರದ ಆರ್ಕಿಯಾ ಎಂಬ ಸೂಕ್ಷ್ಮಜೀವಿಯೊಂದು ಇದೇ ಮೊದಲ ಹಂತದ ಕೆಲಸ ಮಾಡುವುದನ್ನು ವಿಜ್ಞಾನಿಗಳು ಕಂಡರು. ಅದು ದೊರೆತದ್ದು ಅಮೆರಿಕದ ಸಿಯಾಟಲ್ ನಗರದ ಮತ್ಸ್ಯಾಲಯದ ಉಪ್ಪುನೀರಿನ ತೊಟ್ಟಿಯಲ್ಲಿ!

ಈ ಜೀವಿಗಳು ನೀರಿನಲ್ಲಿ ತೇಲುವುದಕ್ಕಿಂತ ಗಟ್ಟಿ ಮೇಲ್ಮೈಗೆ ಅಂಟಿಕೊಂಡು ಬಾಳುವುದೇ ಹೆಚ್ಚು. ಆದ್ದರಿಂದಲೇ ಕಲ್ಲು ಬೇಕು. ನುಣುಪಾದ ಗಟ್ಟಿ ಕಲ್ಲಿನಲ್ಲಿ ಹೊರಮೈಯಷ್ಟೇ ಅವುಗಳ ಮನೆ. ಸಣ್ಣ ರಂಧ್ರಗಳು ತುಂಬಿದ ಕಲ್ಲಿನಲ್ಲಿ ಒಳಗೂ ಸಾವಿರಾರು ಮನೆಗಳು. ಆಮ್ಲಜನಕ ತಲಪುವ ಭಾಗದಲ್ಲಿ ಮೇಲೆ ಹೇಳಿದ ಎರಡು ಹಂತಗಳು ನಡೆಯುತ್ತವೆ. ಆಮ್ಲಜನಕ ತಲಪದ ಆಳದಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಸ್ವಲ್ಪ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ.

ಹಾಗಾದರೆ ಹವಳದ ಕಲ್ಲನ್ನೇ ಕಡಲಿನಿಂದ ತರಬಹುದೇ? ಕೂಡದು. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಆದರೆ 2001ರಿಂದ ಗಟ್ಟಿ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯ ರಕ್ಷಣೆ ಇದೆ. ಒಂದು ತೊಟ್ಟಿಯ ಚೆಂದಕ್ಕಾಗಿ ನೂರಾರು ಜೀವಿಗಳ ಆಸರೆಯನ್ನು ಕೀಳುವುದು ಅಪರಾಧ, ಅನ್ಯಾಯ ಕೂಡ. ತೊಟ್ಟಿಗಳಿಗೆಂದೇ ತಯಾರಿಸಿದ ರಂಧ್ರಮಯ ಸಿರಾಮಿಕ್ ಕಲ್ಲುಗಳು ಸಾಕು. ಕಲ್ಲು ಸತ್ತದ್ದಾದರೂ ಚಿಂತೆಯಿಲ್ಲ. ಜೀವ ಅದರಲ್ಲಿ ನಿಧಾನವಾಗಿ ನೆಲೆಗೊಳ್ಳುತ್ತದೆ.

ವಿಧಾನ ಹೀಗಿದೆ. ನೂರು ಲೀಟರ್ ನೀರಿಗೆ ಸುಮಾರು ಮೂರೂವರೆ ಕಿಲೋಗ್ರಾಂ ಸಮುದ್ರ ಉಪ್ಪಿನ ಮಿಶ್ರಣ ಬೇಕು. ಅಡುಗೆ ಉಪ್ಪು ಸಲ್ಲದು. ಕಡಲ ನೀರಿನಲ್ಲಿರುವ ಮೆಗ್ನೀಷಿಯಂ, ಕ್ಯಾಲ್ಸಿಯಂ ಮೊದಲಾದವು ಅದರಲ್ಲಿ ತಕ್ಕಷ್ಟಿಲ್ಲ. ನಲ್ಲಿ ನೀರಾದರೆ ಮೊದಲು ಕ್ಲೋರಿನ್ ತೆಗೆಯಬೇಕು. ಕಲ್ಲುಗಳ ನಡುವೆ ನೀರು ಹರಿದಾಡುವಂತೆ ಸಡಿಲವಾಗಿ ಜೋಡಿಸಿ, ಪಂಪು ಓಡಿಸಿ. ಆರೋಗ್ಯವಾಗಿರುವ ಹಳೆಯ ಉಪ್ಪುನೀರಿನ ತೊಟ್ಟಿಯ ಒಂದು ಚೂರು ಕಲ್ಲು ಸಿಕ್ಕರೆ ಹಾಲಿಗೆ ಹೆಪ್ಪು ಹಾಕಿದಂತೆ ಅದನ್ನು ಸೇರಿಸಿ. ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಶುದ್ಧ ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರ, ಅರ್ಧ ಗ್ರಾಮಿಗಿಂತ ತುಸು ಹೆಚ್ಚು ಹಾಕಿದರೆ ಲೀಟರಿಗೆ ಸುಮಾರು ಎರಡು ಮಿಲಿಗ್ರಾಂ ಅಮೋನಿಯ ದೊರೆಯುತ್ತದೆ. ಮೀನನ್ನು ಮಾತ್ರ ಬಿಡಬೇಡಿ.

ಎರಡು ದಿನಕ್ಕೊಮ್ಮೆ ನೀರನ್ನು ಪರೀಕ್ಷಿಸಿ ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಮೊದಲು ಅಮೋನಿಯದ ಗೆರೆ ಇಳಿಯುತ್ತದೆ. ನೈಟ್ರೈಟಿನ ಗೆರೆ ಏರಿ, ಕೆಲವು ವಾರ ನಿಂತು, ಅದೂ ಇಳಿಯುತ್ತದೆ. ನೈಟ್ರೇಟ್ ಏರುತ್ತದೆ. ಸಾಮಾನ್ಯವಾಗಿ ಇದಕ್ಕೆ ನಾಲ್ಕರಿಂದ ಆರು ವಾರ ಬೇಕು. ಮತ್ತೆ ಅಷ್ಟೇ ಅಮೋನಿಯ ಹಾಕಿ ನೋಡಿ. ಒಂದು ದಿನದೊಳಗೆ ಅಮೋನಿಯ, ನೈಟ್ರೈಟ್ ಎರಡೂ ಶೂನ್ಯಕ್ಕೆ ಬಂದರೆ ಕಲ್ಲು ಸಿದ್ಧವಾಯಿತು. ಕೂಡಿಬಿದ್ದ ನೈಟ್ರೇಟ್ ಕಡಿಮೆಯಾಗಲು ಸ್ವಲ್ಪ ನೀರು ಬದಲಿಸಿ, ಒಂದೇ ಒಂದು ಮೀನು ಬಿಡಿ. ಮೀನುಗಳು ಹೆಚ್ಚಿದಂತೆ ಜೀವಿಗಳೂ ಹೆಚ್ಚಲು ಸಮಯ ಬೇಕು.

ಮುಂದೆಯೂ ಎರಡು ಎಚ್ಚರಿಕೆಗಳು. ಕಲ್ಲು ಕೊಳೆಯಾಯಿತೆಂದು ನಲ್ಲಿ ನೀರಿನಲ್ಲಿ ಉಜ್ಜಬೇಡಿ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅಲುಗಿಸಿ. ಈ ಜೀವಿಗಳಿಗೂ ಮೀನಿಗೂ ಆಮ್ಲಜನಕ ಬೇಕಾದ್ದರಿಂದ, ಕರೆಂಟು ಹೋದಾಗ ಓಡುವ ಬ್ಯಾಟರಿಯ ಗಾಳಿ ಪಂಪು ಜೊತೆಗಿರಲಿ.

ತೊಟ್ಟಿ ಕೊಳ್ಳಲು ಆಗದಿದ್ದರೂ ನಿರಾಶೆ ಬೇಡ. ನಿಮ್ಮ ಮನೆಯ ತಿಪ್ಪೆ ಕಳಿತು ಗೊಬ್ಬರವಾಗಲು ಎಷ್ಟು ದಿನ ಹಿಡಿಯುತ್ತದೆ, ಅದರ ಘಾಟು ಯಾವಾಗ ಹೋಗುತ್ತದೆ ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಮೀನಿನ ಆಸೆಗೆ ಆರು ವಾರ ಕಾಯುವುದು ಏಕೆ ಅಗತ್ಯವೆಂಬುದು ಆ ಬರಹದಿಂದಲೇ ನಿಮಗೆ ಅರ್ಥವಾಗುತ್ತದೆ.