ಅಪಾಯಕರ ಕೈಗಾರಿಕೆಗಳೂ ಪ್ರಭುತ್ವದ ಧರ್ಮವೂ



ಬೆಂಗಳೂರಿನಿಂದ ತುಮಕೂರಿನ ಹೆದ್ದಾರಿಯನ್ನು ಹಿಡಿದು ಸಿದ್ಧಗಂಗೆಗೆ ಹೋಗುವ ಯಾತ್ರಿಕರು ನಾಗಸಂದ್ರವನ್ನು ದಾಟಿಯೇ ಹೋಗತಕ್ಕವರು. ಹಿಂದೆ ಹೊಲಗಳಿಂದಲೂ ಕೆರೆಗಳಿಂದಲೂ ಕೂಡಿದ್ದ ಈ ಗ್ರಾಮವು ಈಗ ನಗರದಲ್ಲಿ ಬೆರೆತುಹೋಗಿರುವುದು. 2015ರಲ್ಲಿ ಮೆಟ್ರೋ ರೈಲು ಇಲ್ಲಿಯ ತನಕ ಬಂದು, 2024ರಲ್ಲಿ ಮಾದಾವರದ ವರೆಗೆ ಮುಂದುವರಿಯಿತು. ಇದಕ್ಕೆ ಹೊಂದಿಕೊಂಡಿರುವುದೇ ಪೀಣ್ಯದ ಕೈಗಾರಿಕಾ ಪ್ರದೇಶ. 1970ರ ದಶಕದ ಕೊನೆಯ ಭಾಗದಲ್ಲಿ ಸರ್ಕಾರದಿಂದ ಸ್ಥಾಪಿತವಾದ ಈ ಪ್ರದೇಶದಲ್ಲಿ ಯಂತ್ರೋಪಕರಣ, ಸಿದ್ಧ ಉಡುಪು, ಔಷಧ, ಲೋಹಲೇಪನ ಮೊದಲಾದ ಉದ್ಯಮಗಳು ಸಾವಿರಗಟ್ಟಲೆ ನಡೆಯುತ್ತಿರುವುವು. ಅವುಗಳಿಂದ ಅಸಂಖ್ಯ ಕುಟುಂಬಗಳಿಗೆ ಅನ್ನ ದೊರೆಯುತ್ತಿರುವುದು. ಆ ಅನ್ನವನ್ನು ಹಳಿಯುವುದು ಈ ಉಪನ್ಯಾಸದ ಉದ್ದೇಶವಲ್ಲ. ದುಡಿಮೆಯನ್ನು ಕಾಯಕವೆಂದು ಗೌರವಿಸಿದ ಸಮಾಜಕ್ಕೆ ಅದು ಸಲ್ಲದು. ಒಬ್ಬನ ಕಾಯಕವು ನೆರೆಯವನ ಬಾವಿಗೆ ವಿಷವಾಗದಂತೆ ನೋಡಿಕೊಳ್ಳತಕ್ಕವರು ಯಾರು, ಅವರು ಕಣ್ಣು ಮುಚ್ಚಿದರೆ ಏನಾಗುವುದು ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಲೋಹಲೇಪನದ ಕಸಬನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಕಬ್ಬಿಣದ ಸಾಮಾನು ತುಕ್ಕು ಹಿಡಿಯದೆ ಹೊಳೆಯುವಂತೆ ಮಾಡಲು ಅದನ್ನು ಕ್ರೋಮಿಕ್ ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತನ್ನು ಹಾಯಿಸುವರು; ಬಳಿಕ ನೀರಿನಲ್ಲಿ ತೊಳೆಯುವರು. ತೊಳೆದ ನೀರು ಹಳದಿಯಾಗಿ ಹೊರಬೀಳುವುದು. ಅದರಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ, ನೀರಿನಲ್ಲಿ ಸುಲಭವಾಗಿ ಕರಗಿ ಮಣ್ಣಿನೊಳಗೆ ಇಳಿದುಹೋಗುವ ವಿಷ. ತೊಟ್ಟಿಯ ಬಳಿ ನಿಂತು ದುಡಿಯುವವರ ಕೈಗಳಲ್ಲಿ ಹುಣ್ಣಾಗುವುದು, ಅದರ ಹಬೆಯಿಂದ ಮೂಗಿನ ನಡುಗೋಡೆ ತೂತಾಗುವುದು, ಶ್ವಾಸಕೋಶಕ್ಕೆ ಕ್ಯಾನ್ಸರು ತಗಲುವುದು, ಇವೆಲ್ಲವೂ ವೈದ್ಯಶಾಸ್ತ್ರಕ್ಕೆ ಬಹುಕಾಲದಿಂದ ತಿಳಿದ ಸಂಗತಿಗಳು. ಪರಿಹಾರವೂ ತಿಳಿಯದ್ದೇನಲ್ಲ. ಆ ನೀರನ್ನು ಆಮ್ಲಗೊಳಿಸಿ ಸೋಡಿಯಂ ಬೈಸಲ್ಫೈಟಿನಂಥ ವಸ್ತುವನ್ನು ಬೆರಸಿದರೆ ವಿಷದ ಉಗ್ರತೆಯು ತಗ್ಗುವುದು. ಮೇಲೆ ಸುಣ್ಣವನ್ನು ಹಾಕಿದರೆ ಅದು ಕೆಸರಾಗಿ ತಳಕ್ಕೆ ಇಳಿಯುವುದು. ಆ ಕೆಸರನ್ನು ಅಪಾಯಕರ ತ್ಯಾಜ್ಯಕ್ಕೆಂದೇ ಕಟ್ಟಿದ ಭದ್ರವಾದ ಸ್ಥಳಕ್ಕೆ ಸಾಗಿಸಬೇಕು. ಇದಕ್ಕೆಲ್ಲ ಹಣ ತಗಲುವುದು. ರಾತ್ರಿಯ ವೇಳೆ ಚರಂಡಿಗೆ ಬಿಟ್ಟರೆ ಏನೂ ತಗಲದು. ಪ್ರಭುತ್ವದ ಕಣ್ಣು ಇರಬೇಕಾದುದು ಈ ಎಡೆಯಲ್ಲಿಯೇ.

ಆ ಕಣ್ಣು ಇರಲಿಲ್ಲವೆಂಬುದಕ್ಕೆ ನೆಲದೊಳಗಣ ನೀರೇ ಸಾಕ್ಷಿ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಮನ್ನು ಮೀರಬಾರದೆಂದು ಭಾರತೀಯ ಮಾನಕವು ವಿಧಿಸಿರುವುದು. ಪೀಣ್ಯದ ಸುತ್ತಣ ಅನೇಕ ಕೊಳವೆ ಬಾವಿಗಳಲ್ಲಿ ಈ ಮಿತಿಯು ಮೀರಿರುವುದನ್ನು ಪರೀಕ್ಷಕರು ಮತ್ತೆ ಮತ್ತೆ ಕಂಡರು. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೇಶದ 88 ಕೈಗಾರಿಕಾ ಕ್ಷೇತ್ರಗಳನ್ನು ಅಳೆದು, 70ಕ್ಕೆ ಮೇಲ್ಪಟ್ಟ ಅಂಕ ಬಂದವುಗಳನ್ನು ಅತಿ ವಿಷಮವಾಗಿ ಮಲಿನವಾದವೆಂದು ಸಾರಿತು. 2018ರ ಗಣನೆಯಲ್ಲಿ ಪೀಣ್ಯವು ಆ ಎಲ್ಲೆಯನ್ನೂ ದಾಟಿತು. ಈ ಕಡೆಯ ಕಾಲುವೆಗಳ ನೀರು ವೃಷಭಾವತಿಯನ್ನು ಸೇರಿ, ಬೈರಮಂಗಲದ ಜಲಾಶಯವನ್ನು ಹೊಕ್ಕು, ಅರ್ಕಾವತಿಯ ಮೂಲಕ ಕಾವೇರಿಗೆ ಇಳಿಯುವುದು. ಆದುದರಿಂದ ಇದು ಒಂದು ಊರಿನ ಕಷ್ಟ ಮಾತ್ರವಲ್ಲ. ಪೀಣ್ಯವನ್ನು ಎಂದೂ ಕಾಣದ ರೈತನ ಹೊಲಕ್ಕೂ ಇದರ ಪಾಲು ಮುಟ್ಟುವುದು.

ಹಾಗಾದರೆ ಕಾನೂನಿನ ಕೊರತೆಯಿತ್ತೇ? ಇರಲಿಲ್ಲ. ಜಲಮಾಲಿನ್ಯ ನಿವಾರಣೆಯ ಕಾಯಿದೆಯು 1974ರಲ್ಲಿಯೇ ಹುಟ್ಟಿತು. ರಾಜ್ಯದ ಮಂಡಳಿಯೂ ಅದೇ ವರುಷ ಏರ್ಪಟ್ಟಿತು. ಎಂದರೆ ಪೀಣ್ಯದ ನಿವೇಶನಗಳು ಹಂಚಲ್ಪಡುವುದಕ್ಕೆ ಮೊದಲೇ ಕಾವಲುಗಾರನು ನೇಮಿತನಾಗಿದ್ದನು. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲವು ಒಂದೇ ರಾತ್ರಿಯಲ್ಲಿ ಸಾವಿರಾರು ಜನರನ್ನು ಆಹುತಿ ತೆಗೆದುಕೊಂಡ ಬಳಿಕ, 1986ರಲ್ಲಿ ಪರಿಸರ ಸಂರಕ್ಷಣೆಯ ಕಾಯಿದೆಯು ಬಂದಿತು. 1987ರಲ್ಲಿ ಕಾರ್ಖಾನೆಗಳ ಕಾಯಿದೆಯನ್ನು ತಿದ್ದಿ, ಅಪಾಯದ ವಿವರವನ್ನು ಕೆಲಸಗಾರರಿಗೂ ನೆರೆಹೊರೆಯ ಜನರಿಗೂ ತಿಳಿಸಬೇಕಾದುದು ಮಾಲಿಕರ ಕರ್ತವ್ಯವೆಂದು ವಿಧಿಸಲಾಯಿತು. ಕಾಗದದ ಮೇಲೆ ಯಾವುದೂ ಬಾಕಿಯಿರಲಿಲ್ಲ. ಅನುಮತಿಯನ್ನು ಕೊಡುವ ದಿನಕ್ಕೂ ಅನಾಹುತವು ನಡೆಯುವ ದಿನಕ್ಕೂ ನಡುವೆ ಯಾರೂ ಬಂದು ನೋಡದಿದ್ದುದೇ ಕೊರತೆ.

ನೀರಿನ ವಿಷವು ಮೆಲ್ಲಗೆ ಕೊಲ್ಲುವುದರಿಂದ ಅದಕ್ಕೆ ಸಾಕ್ಷಿಗಳು ಕಡಮೆ. ಅದೇ ಅಲಕ್ಷ್ಯವು ಬೆಂಕಿಯ ರೂಪವನ್ನು ತಾಳಿದಾಗ ಮಾತ್ರ ಎಲ್ಲರೂ ಬೆಚ್ಚುವರು. ಇದೇ ಬೆಂಗಳೂರಿನ ಇನ್ನೊಂದು ಮೂಲೆಯಾದ ಅತ್ತಿಬೆಲೆಯಲ್ಲಿ 2023ರ ಅಕ್ಟೋಬರ್ 7ರಂದು ಪಟಾಕಿಯ ದಾಸ್ತಾನು ಮಳಿಗೆಯು ಹೊತ್ತಿಕೊಂಡಿತು. ಹಬ್ಬದ ಕಾಲದ ಕೂಲಿಗೆಂದು ತಮಿಳುನಾಡಿನಿಂದ ಬಂದಿದ್ದ ತರುಣರೇ ಹೆಚ್ಚಾಗಿ ಬಲಿಯಾದರು. ಸತ್ತವರ ಸಂಖ್ಯೆಯು ಹದಿನಾಲ್ಕಕ್ಕೆ ಕಡಮೆಯಿಲ್ಲ. ಆ ಮೇಲೆ ಸರ್ಕಾರವು ಅಧಿಕಾರಿಗಳನ್ನು ಅಮಾನತಿನಲ್ಲಿಟ್ಟಿತು. ಆದರೆ ದಹನವಾದ ಮೇಲೆ ನಡೆಯುವ ತಪಾಸಣೆಯು ತಪಾಸಣೆಯಲ್ಲ. ಅದು ಉತ್ತರಕ್ರಿಯೆಯ ಒಂದು ಭಾಗ.

ಇಲ್ಲಿ ಸಣ್ಣ ಉದ್ಯಮಿಗಳ ಮಾತನ್ನೂ ಕೇಳುವುದು ನ್ಯಾಯ. ನಾಲ್ಕಾರು ಆಳುಗಳನ್ನಿಟ್ಟುಕೊಂಡು ಬಾಡಿಗೆಯ ಕಟ್ಟಡದಲ್ಲಿ ಲೇಪನವನ್ನು ಮಾಡುವವನು ಶುದ್ಧೀಕರಣದ ಘಟಕವನ್ನು ತಾನೊಬ್ಬನೇ ಕಟ್ಟಲಾರನು. ಕಟ್ಟಿದವನು, ಕಟ್ಟದೆ ಅಗ್ಗಕ್ಕೆ ಮಾರುವ ನೆರೆಯವನ ಎದುರಿಗೆ ಸೋಲುವನು. ಪೀಣ್ಯಕ್ಕೆ ರಸ್ತೆಯೂ ವಿದ್ಯುತ್ತೂ ಮೊದಲು ಬಂದುವು. ಒಳಚರಂಡಿಯೂ ಸಾಮುದಾಯಿಕ ಶುದ್ಧೀಕರಣವೂ ಹಿಂದೆ ಬಿದ್ದುವು. ನಿಯಮವು ಸಡಿಲವಾದಾಗ ಪ್ರಾಮಾಣಿಕನೇ ಮೊದಲು ದಂಡ ತೆರುವನು. ಆದುದರಿಂದ ಬಿಗಿಯಾದ, ಪಕ್ಷಪಾತವಿಲ್ಲದ ನಿಯಂತ್ರಣವು ಕೈಗಾರಿಕೆಗೆ ಶತ್ರುವಲ್ಲ. ಒಳ್ಳೆಯ ಕೈಗಾರಿಕೆಗೆ ಅದೇ ಆಶ್ರಯ.

ಭಕ್ತ ಮಹಾಶಯರು ಮಾಡತಕ್ಕುದೇನು? ಮಂಡಳಿಯು ಯಾವ ಕಾರ್ಖಾನೆಗೆ ಯಾವ ಷರತ್ತುಗಳ ಮೇಲೆ ಅನುಮತಿಯಿತ್ತಿದೆಯೆಂಬ ದಾಖಲೆಯನ್ನು ನೋಡುವ ಅಧಿಕಾರವು ಸಂಬಂಧಪಟ್ಟ ಪ್ರಜೆಗೆ 1974ರ ಕಾಯಿದೆಯಲ್ಲಿಯೇ ಉಂಟು. 60 ದಿವಸಗಳ ನೋಟೀಸನ್ನು ಕೊಟ್ಟು ಸಾಮಾನ್ಯನೂ ನ್ಯಾಯಾಲಯಕ್ಕೆ ದೂರು ಒಯ್ಯಬಹುದೆಂದು 1988ರ ತಿದ್ದುಪಡಿಯು ದಾರಿ ತೆರೆಯಿತು. 2005ರ ಮಾಹಿತಿ ಹಕ್ಕಿನ ಕಾಯಿದೆಯು ಇದಕ್ಕೆ ಬಲವನ್ನು ಕೂಡಿಸಿತು. ಕೊಳವೆ ಬಾವಿಯ ನೀರನ್ನು ಪರೀಕ್ಷಿಸದೆ ಕುಡಿಯಬಾರದು. ಕ್ರೋಮಿಯಂ ಕುದಿಸಿದರೂ ಹೋಗುವುದಿಲ್ಲ. ಕಾರ್ಖಾನೆಗಳ ಒಡೆಯರಾದ ಭಕ್ತರು ತಮ್ಮ ಕಾಲುವೆಯ ಬಾಯಿಯನ್ನು ತಾವೇ ಹೋಗಿ ನೋಡಲಿ. ಲೆಕ್ಕದ ಪುಸ್ತಕದಷ್ಟೇ ಅದೂ ಅವರ ಕಾಯಕದ ಲೆಕ್ಕ. ಕೆಲಸಗಾರರಾದ ಭಕ್ತರು ಕೈಚೀಲವನ್ನೂ ಮುಖಕವಚವನ್ನೂ ಅಂಜದೆ ಕೇಳಲಿ.

ಪ್ರಭುತ್ವವು ಅನುಮತಿಯ ಪತ್ರಕ್ಕೆ ಹಾಕುವ ಸಹಿಯು ಕಾರ್ಖಾನೆಯವನಿಗೆ ಕೊಡುವ ವರವಲ್ಲ. ಅವನ ನೆರೆಯಲ್ಲಿ ನೀರು ಸೇದುವ ತಾಯಿಗೆ ಕೊಡುವ ವಚನ. ಆ ವಚನವನ್ನು ನಡೆಸುವಂತೆ ಕೇಳುವ ಧೈರ್ಯವು ಸರ್ವರಲ್ಲಿಯೂ ಉಂಟಾಗಲಿ. ಸರ್ವರಿಗೂ ಮಂಗಳವಾಗಲಿ.