ಮಕ್ಕಳ ಉಚ್ಚ ಶಿಕ್ಷಣಕ್ಕೆ ಧನಸಹಾಯ
(ಮುಂಬಯಿಯ ಕನ್ನಡ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹಿರಿಯರ ಕಾಲದಲ್ಲಿ ಬಡ ಹುಡುಗನ ಓದಿಗೆ ಆಧಾರವಾದುದು ಊರಲ್ಲಿ ವಾರಾನ್ನ ಮತ್ತು ಮಠದ ಉಚಿತ ವಸತಿ; ಈ ನಗರದಲ್ಲಿ ಕನ್ನಡ ರಾತ್ರಿಶಾಲೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದವರ ಮೊಮ್ಮಕ್ಕಳು ಇಂದು ಇಂಜಿನಿಯರಿಂಗಿಗೂ ವೈದ್ಯಕೀಯಕ್ಕೂ ಹೊರಟಿದ್ದಾರೆ. ಶುಲ್ಕ ಲಕ್ಷಗಳಲ್ಲಿದೆ. ಆದರೆ ಸಹಾಯವೂ ಇದೆ. ಅದು ನಮ್ಮವರ ಕೈತಪ್ಪುವುದು ಅನೇಕ ವೇಳೆ ಅಂಕ ಸಾಲದೆ ಅಲ್ಲ, ಕಾಗದ ಸಾಲದೆ. ಇದೇ ನಾನು ಈ ದಿನ ಹೇಳಬೇಕೆಂದಿರುವ ಮಾತು.

ಮೊದಲು ಕೇಳತಕ್ಕದ್ದು ರಾಜ್ಯದ ಶುಲ್ಕ ವಿನಾಯಿತಿ. ಮಹಾರಾಷ್ಟ್ರ ಸರಕಾರದ ರಾಜರ್ಷಿ ಶಾಹು ಮಹಾರಾಜ ಶುಲ್ಕ ಯೋಜನೆಯಲ್ಲಿ, ವಾರ್ಷಿಕ ವರಮಾನ 8 ಲಕ್ಷ ರೂಪಾಯಿ ಮೀರದ ಕುಟುಂಬದ ವಿದ್ಯಾರ್ಥಿಗೆ ವೃತ್ತಿಶಿಕ್ಷಣದ ಬೋಧನ ಶುಲ್ಕದಲ್ಲಿ ಅರ್ಧದಷ್ಟು ದೊರೆಯುತ್ತದೆ. 2024ರಿಂದ ಇದೇ ವರಮಾನದೊಳಗಿನ ಹಿಂದುಳಿದ ಮತ್ತು ಆರ್ಥಿಕವಾಗಿ ದುರ್ಬಲ ವರ್ಗಗಳ ಹೆಣ್ಣುಮಕ್ಕಳಿಗೆ ಪೂರ್ಣ ಶುಲ್ಕವೇ ಮಾಫಿ. ಆದರೆ ಪ್ರವೇಶ ಸರಕಾರದ ಕೇಂದ್ರೀಕೃತ ಪದ್ಧತಿಯಿಂದಲೇ ಆಗಿರಬೇಕು. ಆಡಳಿತ ಮಂಡಳಿಯ ಕೋಟಾದಲ್ಲಿ ಸೇರಿದವರಿಗೆ ಇದು ಸಲ್ಲದು. ಅರ್ಜಿ ಹಾಕುವುದು ಮಹಾಡಿಬಿಟಿ ಜಾಲತಾಣದಲ್ಲಿ.

ಇಲ್ಲಿಯೇ ವಲಸೆ ಬಂದವರ ತೊಡಕು ಆರಂಭವಾಗುತ್ತದೆ. ಈ ರಾಜ್ಯದ ನಿವಾಸಿಯೆಂಬ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 15 ವರ್ಷಗಳ ವಾಸದ ಪುರಾವೆ ಬೇಕು. ಚಾಳಿನಿಂದ ಚಾಳಿಗೆ ಬಿಡಾರ ಬದಲಿಸಿದವರ ಬಳಿ ಹಳೆಯ ರೇಶನ್ ಕಾರ್ಡು, ಲೈಟ್ ಬಿಲ್ಲು, ಬಾಡಿಗೆಯ ಕರಾರು ಇವೇ ಇರುವುದಿಲ್ಲ. ಜಾತಿಯ ಪ್ರಮಾಣಪತ್ರವೆಂದರೆ ಇನ್ನೂ ಕಠಿಣ. ಪರಿಶಿಷ್ಟರಾದರೆ 1950ಕ್ಕೆ ಮೊದಲು, ಇತರ ಹಿಂದುಳಿದ ವರ್ಗದವರಾದರೆ 1967ರ ಅಕ್ಟೋಬರ 13ಕ್ಕೆ ಮೊದಲು ಕುಟುಂಬವು ಮಹಾರಾಷ್ಟ್ರದಲ್ಲಿ ವಾಸವಾಗಿತ್ತೆಂದು ತೋರಿಸಬೇಕು; ಜಾತಿಯ ಹೆಸರೂ ಇಲ್ಲಿಯ ಪಟ್ಟಿಯಲ್ಲಿರಬೇಕು. ಇದಕ್ಕೆ ಶಾಲೆಯ ದಾಖಲೆ ಒಳ್ಳೆಯ ಸಾಕ್ಷ್ಯ. ಅಜ್ಜನವರು ರಾತ್ರಿಶಾಲೆ ಬಿಟ್ಟಾಗ ಪಡೆದ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿದ್ದರೆ ಇಂದೇ ತೆಗೆದು ಜೋಪಾನ ಮಾಡಿರಿ. ಅದು ಮೊಮ್ಮಗಳ ಕಾಲೇಜಿನ ಬಾಗಿಲು ತೆರೆಯಬಹುದು. ಆ ಬಳಿಕ ಬಂದ ಕುಟುಂಬಗಳು ತಂದೆಯ ಕಡೆಯ ಊರಿನ ತಹಶೀಲ್ದಾರರಿಂದ ಕರ್ನಾಟಕದ ಪ್ರಮಾಣಪತ್ರವನ್ನು ಮಾಡಿಸಿಟ್ಟುಕೊಳ್ಳಬೇಕು. ಕೇಂದ್ರ ಸರಕಾರದ ಸೌಲಭ್ಯಗಳಿಗೆ ಅದು ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಕೇಂದ್ರದ ವಿದ್ಯಾರ್ಥಿವೇತನ. ಹನ್ನೆರಡನೆಯ ತರಗತಿಯಲ್ಲಿ ತನ್ನ ಬೋರ್ಡಿನ ಮೊದಲ ನೂರಕ್ಕೆ ಇಪ್ಪತ್ತು ಮಂದಿಯೊಳಗೆ ಬಂದವರು, ವರಮಾನ 4.5 ಲಕ್ಷದೊಳಗಿದ್ದರೆ, ಪದವಿ ತರಗತಿಯಲ್ಲಿ ವರ್ಷಕ್ಕೆ 12,000 ರೂಪಾಯಿಯ ವೇತನಕ್ಕೆ ಅರ್ಜಿ ಹಾಕಬಹುದು. ಮೊತ್ತ ದೊಡ್ಡದಲ್ಲ, ಪುಸ್ತಕಕ್ಕೂ ರೈಲಿನ ಪಾಸಿಗೂ ಆದೀತು. ಇದರ ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನದ ಜಾಲತಾಣದಲ್ಲಿ. ಬ್ಯಾಂಕಿನ ಖಾತೆ ಆಧಾರಿಗೆ ಜೋಡಣೆಯಾಗಿರಲಿ.

ಮೂರನೆಯದು, ಕಡೆಯದು, ಸಾಲ. 2024ರ ನವೆಂಬರದಲ್ಲಿ ಮಂಜೂರಾದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉತ್ತಮ ವಿದ್ಯಾಸಂಸ್ಥೆಗಳಿಗೆ ಅರ್ಹತೆಯ ಮೇಲೆ ಪ್ರವೇಶ ಪಡೆದವರಿಗೆ ಆಸ್ತಿಯ ಅಡವಾಗಲಿ ಜಾಮೀನುದಾರರಾಗಲಿ ಇಲ್ಲದೆ ಸಾಲ ಸಿಗುತ್ತದೆ. ವರಮಾನ 8 ಲಕ್ಷದೊಳಗಿದ್ದು ಬೇರೆ ವೇತನವಿಲ್ಲದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಬಡ್ಡಿಯಲ್ಲಿ ಶೇಕಡಾ 3ರ ರಿಯಾಯಿತಿಗೂ ಅವಕಾಶವುಂಟು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬುದನ್ನು ಮರೆಯಬಾರದು. ಮೊದಲೆರಡು ದಾರಿಗಳನ್ನು ನೋಡಿ, ಕೊರತೆ ಬಿದ್ದಷ್ಟಕ್ಕೇ ಸಾಲ ಮಾಡಿರಿ.

ಪಾಲಕರಲ್ಲಿ ನನ್ನ ಬಿನ್ನಹವಿಷ್ಟೇ. ಮಗು ಹತ್ತನೆಯ ತರಗತಿಯಲ್ಲಿರುವಾಗಲೇ ಕಾಗದಗಳ ಒಂದು ಕಡತವನ್ನು ಕಟ್ಟಿರಿ. ಫಲಿತಾಂಶ ಬಂದ ಮೇಲೆ ತಹಶೀಲ್ದಾರರ ಕಚೇರಿಗೆ ಓಡಿದರೆ ತಾರೀಖು ದಾಟಿಹೋಗುತ್ತದೆ. ಸಂಘದ ಕಾರ್ಯಕರ್ತರಲ್ಲಿಯೂ ಒಂದು ವಿನಂತಿ. ಬ್ಯಾಂಕುಗಳಿಂದಲೂ ಸರಕಾರಿ ಕಚೇರಿಗಳಿಂದಲೂ ನಿವೃತ್ತರಾದ ಹಿರಿಯರು ನಮ್ಮಲ್ಲಿ ಇದ್ದಾರೆ. ಮೇ, ಜೂನ್ ತಿಂಗಳುಗಳಲ್ಲಿ ವಾರಕ್ಕೆರಡು ಸಂಜೆ ಅವರು ವಾಚನಾಲಯದಲ್ಲಿ ಕುಳಿತು ಅರ್ಜಿ ತುಂಬಿಸಿಕೊಟ್ಟರೆ, ಹಿಂದಿನವರು ರಾತ್ರಿಶಾಲೆಯಿಂದ ಮಾಡಿದ ಉಪಕಾರವನ್ನೇ ನಾವು ಮುಂದುವರಿಸಿದಂತಾಗುತ್ತದೆ.