ನೆತ್ತಿಯೊಳಗಿನ ಕಾವು

ದೇಹವು ಸೋಂಕಿನೊಡನೆ ಹೂಡುವ ಕಾಳಗವೇ ಜ್ವರ ಎಂಬ ಮಾತು ತಮಗೆಲ್ಲ ತಿಳಿದದ್ದೇ. ಆದರೆ ಮೆದುಳಿನೊಳಗೆ ರಕ್ತನಾಳ ಒಡೆದು ಪ್ರಜ್ಞೆಯಿಲ್ಲದೆ ಮಲಗಿರುವವರಿಗೆ ಬರುವ ಜ್ವರವನ್ನು ಹಾಗೆ ಹೊಗಳಲಾಗದು. ಅದರ ವಿಚಾರವಾಗಿ ನಾಲ್ಕು ಮಾತುಗಳನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಮೈಯ ಉಷ್ಣತೆಯನ್ನು 37 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕಾಯುವ ಕಾವಲುಗಾರ ಮೆದುಳಿನ ಬುಡದಲ್ಲಿಯೇ ಇದ್ದಾನೆ; ಹೈಪೋಥಲಮಸ್ ಎಂದು ಅವನ ಹೆಸರು. ಸುರಿದ ನೆತ್ತರು ಅವನನ್ನೇ ಕಂಗೆಡಿಸಿದರೆ, ಸೋಂಕಿನ ಸುಳಿವಿಲ್ಲದೆಯೂ ಮೈ ಕಾಯುತ್ತದೆ. ಹಾಗೆಂದು ಶ್ವಾಸಕೋಶ, ಮೂತ್ರನಾಳಗಳ ಸೋಂಕನ್ನು ಹುಡುಕದೆಯೇ ತಪ್ಪನ್ನೆಲ್ಲ ಅವನ ಮೇಲೆ ಹೊರಿಸುವಂತಿಲ್ಲ.

ಈ ಕಾವಿನಿಂದ ಕೇಡೇನು? ಕಾವೇರಿದಷ್ಟೂ ಮೆದುಳು ಹೆಚ್ಚು ಆಮ್ಲಜನಕವನ್ನು ಬೇಡುತ್ತದೆ. ಅತ್ತ ಹರಿಯುವ ರಕ್ತವೂ ಹೆಚ್ಚುತ್ತದೆ. ಕಪಾಲವೋ ಹಿಗ್ಗದ ಪೆಟ್ಟಿಗೆ. ಹೆಪ್ಪುಗಟ್ಟಿದ ನೆತ್ತರು, ಬಾತುಕೊಂಡ ಮೆದುಳು ಮೊದಲೇ ಇಕ್ಕಟ್ಟಿನಲ್ಲಿರುವಾಗ ಒತ್ತಡ ಮತ್ತಷ್ಟು ಏರುತ್ತದೆ.

ಹಾಗಾದರೆ ಮೈಯನ್ನು ಮಂಜಿನಂತೆ ತಣಿಸಿಬಿಡಬಾರದೇಕೆ? ತಣಿದ ಮೈ ನಡುಗುತ್ತದೆ. ನಡುಕಕ್ಕೆ ಆಮ್ಲಜನಕ ಬೇಕು. ಉಳಿಸಿದ್ದೆಲ್ಲ ಅಲ್ಲಿಯೇ ವೆಚ್ಚ. ತಲೆಗೆ ಪೆಟ್ಟು ಬಿದ್ದು ಕಪಾಲದೊತ್ತಡ ಏರಿದವರ ಮೈಯನ್ನು 32ರಿಂದ 35 ಡಿಗ್ರಿಗೆ ಇಳಿಸಿ ನೋಡಿದ ಯೂರೋಥರ್ಮ್ ಪ್ರಯೋಗದ ಫಲ 2015ರಲ್ಲಿ ಪ್ರಕಟವಾಯಿತು: ತಣಿಸಿದವರ ಗತಿಯೇ ಹೆಚ್ಚು ಕೆಟ್ಟಿತ್ತು. 2024ರಲ್ಲಿ ಪ್ರಕಟವಾದ ಇಂಟ್ರೆಪಿಡ್ ಅಧ್ಯಯನದಲ್ಲಿ, ಮೆದುಳಿನ ರಕ್ತನಾಳದ ಆಘಾತಕ್ಕೊಳಗಾದ 677 ಮಂದಿಯ ಪೈಕಿ ಒಂದು ಪಂಗಡಕ್ಕೆ ಜ್ವರವೇ ಬಾರದಂತೆ ಯಂತ್ರದ ನೆರವಿನಿಂದ ತಂಪೆರೆದರು. ಜ್ವರವೇನೋ ತಗ್ಗಿತು, ಚೇತರಿಕೆ ಮಾತ್ರ ಹೆಚ್ಚಲಿಲ್ಲ.

ಹಾಗಿದ್ದರೆ ಉಷ್ಣಮಾಪಕವನ್ನು ಕೆಳಗಿಡೋಣವೆ? ಖಂಡಿತ ಕೂಡದು. 2023ರಲ್ಲಿ ಪ್ರಕಟವಾದ ಇಂಟರ್ಯಾಕ್ಟ್-3 ಅಧ್ಯಯನದಲ್ಲಿ ಭಾರತವೂ ಸೇರಿ 10 ದೇಶಗಳ ಏಳು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ರಕ್ತದೊತ್ತಡವನ್ನು ಬೇಗ ಇಳಿಸುವುದು, ಸಕ್ಕರೆಯನ್ನು ಹತೋಟಿಯಲ್ಲಿಡುವುದು, ಉಷ್ಣತೆ 37.5 ಡಿಗ್ರಿ ಮೀರದಂತೆ ನೋಡಿಕೊಳ್ಳುವುದು, ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧದ ಪ್ರಭಾವವನ್ನು ಅಡಗಿಸುವುದು – ಈ ನಾಲ್ಕನ್ನೂ ಒಟ್ಟಿಗೆ ಕೈಗೊಂಡಾಗ ರೋಗಿಗಳ ಚೇತರಿಕೆ ಉತ್ತಮಗೊಂಡಿತು. ಕೀರ್ತಿ ನಾಲ್ಕರಲ್ಲಿ ಯಾವುದಕ್ಕೆ ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ನನಗಾದರೋ ಇದರಲ್ಲಿ ಒಂದು ಸಮಾಧಾನವಿದೆ: ಇವು ಯಾವುವೂ ದೊಡ್ಡ ನಗರದ ದುಬಾರಿ ಯಂತ್ರವನ್ನೇ ನೆಚ್ಚಿಕೊಂಡ ಉಪಚಾರಗಳಲ್ಲ.

ಕಡೆಯದಾಗಿ, ರೋಗಿಯ ಬಳಿ ಕುಳಿತಿರುವ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಮೈ ಸುಡುತ್ತಿರುವಾಗ ಮಮತೆಯಿಂದ ಕಂಬಳಿ ಹೊದಿಸಬೇಡಿ. ಗಾಬರಿಯಿಂದ ಮಂಜುಗಡ್ಡೆಯನ್ನೂ ಒತ್ತಬೇಡಿ. ದಾದಿಯನ್ನು ಕರೆದು, ಉಷ್ಣತೆಯನ್ನು ಅಳೆದು ನೋಡುವಂತೆ ಕೇಳಿರಿ. ಮಾತನಾಡಲಾರದ ರೋಗಿಯ ಪರವಾಗಿ ಅಷ್ಟು ಕೇಳುವ ಹಕ್ಕು ನಿಮಗಿದೆ.